ಗುಜರಿಯ ರಟ್ಟಿನಿಂದ ಮನೆಯ ಪೀಠೋಪಕರಣ: ಒಂದೇ ಅಳತೆ, ಹಲವು ವೇಷ

ಬಾಡಿಗೆ ಮನೆ ಬದಲಿಸುವಾಗಲೇ ಸಂಸಾರದ ನಿಜವಾದ ತೂಕ ಗೊತ್ತಾಗುವುದು. ಮೂರನೆಯ ಮಹಡಿಯ ಕಿರಿದಾದ ಮೆಟ್ಟಿಲಿನಲ್ಲಿ ದಿವಾನ ತಿರುಗುವುದಿಲ್ಲ. ಹಳೆಯ ಮನೆಗೆಂದು ಅಳತೆ ಕೊಟ್ಟು ಮಾಡಿಸಿದ ಕಪಾಟು ಹೊಸ ಗೋಡೆಗೆ ಒಗ್ಗುವುದಿಲ್ಲ. ಒಂದೇ ಕೋಣೆ ಹಗಲು ಪಡಸಾಲೆಯಾಗಿ, ರಾತ್ರಿ ಮಲಗುವ ಕೋಣೆಯಾಗಿ ದುಡಿಯುವ ಮನೆಯಲ್ಲಿ ಸಾಮಾನು ಕೂಡ ವೇಷ ಬದಲಿಸುವಂತಿರಬೇಕು. ಗುಜರಿ ಅಂಗಡಿಯ ರಟ್ಟಿನಿಂದ ಒಂದೇ ಅಳತೆಯ ಪೆಟ್ಟಿಗೆಗಳನ್ನು ಮಾಡಿಕೊಂಡು, ಬೇಕೆಂದಾಗ ಕುರ್ಚಿ, ಮೇಜು, ಮಂಚವಾಗಿ ಜೋಡಿಸಿಕೊಳ್ಳುವ ಕ್ರಮ ಇಲ್ಲಿದೆ.

ರಟ್ಟಿನ ಮೇಲೆ ಮನುಷ್ಯರು ಕೂರುವುದುಂಟೆ ಎಂದು ಮೂಗು ಮುರಿಯುವವರಿಗೆ ಎರಡು ಉದಾಹರಣೆ ಸಾಕು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ 1972ರಲ್ಲಿ ರಟ್ಟಿನ ಪದರಗಳನ್ನು ಅಂಟಿಸಿಯೇ ಅಂಕುಡೊಂಕಾದ ಕುರ್ಚಿಯೊಂದನ್ನು ಮಾಡಿದರು. ಅದು ಇಂದು ವಸ್ತುಸಂಗ್ರಹಾಲಯಗಳಲ್ಲಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳಿಗೆ ಕೊಟ್ಟ ಮಂಚಗಳ ಚೌಕಟ್ಟು ರಟ್ಟಿನದು. ಅದರ ಮೇಲೆ ಜೋಕುಗಳು ಹರಿದಾಡಿದವು, ಒಬ್ಬ ಜಿಮ್ನಾಸ್ಟ್ ಹತ್ತಿ ಕುಣಿದು ವಿಡಿಯೊ ಹಾಕಿದರು, ಮಂಚ ಮುರಿಯಲಿಲ್ಲ.

ಅಳತೆಯಲ್ಲೇ ಅರ್ಧ ಕೆಲಸ

ಪೆಟ್ಟಿಗೆಯ ಹೊರ ಅಳತೆ 12 ಅಂಗುಲ ಅಗಲ, 12 ಅಂಗುಲ ದಪ್ಪ, 18 ಅಂಗುಲ ಉದ್ದ. ಇದನ್ನು ಬದಲಿಸಬೇಡಿ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ನಿಲ್ಲಿಸಿದರೆ 18 ಅಂಗುಲ, ಅಂದರೆ ಕುರ್ಚಿಯ ಎತ್ತರ. ಮಲಗಿಸಿದರೆ 12 ಅಂಗುಲ, ಮಕ್ಕಳಿಗೆ ಕೂರಲು ಹದ. ನಿಲ್ಲಿಸಿದ್ದರ ಮೇಲೆ ಒಂದನ್ನು ಮಲಗಿಸಿದರೆ 30 ಅಂಗುಲ, ಅದು ಬರೆಯುವ ಮೇಜಿನ ಎತ್ತರ. ಒಬ್ಬರು ಮಲಗುವ ಹಾಸಿಗೆ ಸಾಮಾನ್ಯವಾಗಿ 72 ಅಂಗುಲ ಉದ್ದ, 36 ಅಂಗುಲ ಅಗಲ ಇರುತ್ತದೆ. ಹನ್ನೆರಡು ಪೆಟ್ಟಿಗೆಗಳನ್ನು ಆರಾರರಂತೆ ಎರಡು ಸಾಲು ಮಲಗಿಸಿದರೆ ಹಾಸಿಗೆ ಅವುಗಳ ಮೇಲೆ ಗೆರೆ ಕೊರೆದಂತೆ ಕೂರುತ್ತದೆ.

ರಟ್ಟು ಆರಿಸುವುದು

ಗುಜರಿಯಲ್ಲಿ ಐದು ಪ್ಲೈ ರಟ್ಟು ಕೇಳಿ. ಮೂರು ಚಪ್ಪಟೆ ಕಾಗದಗಳ ನಡುವೆ ಅಲೆಯಂತೆ ಮಡಿಸಿದ ಎರಡು ಕಾಗದ ಇರುವುದು ಅದು. ಫ್ರಿಜ್, ವಾಷಿಂಗ್ ಮೆಷಿನ್ ಬರುವ ಡಬ್ಬಗಳು ಬಹುತೇಕ ಈ ಜಾತಿಯವು. ಬಿಸ್ಕತ್ತಿನ ಡಬ್ಬ ಮೂರು ಪ್ಲೈ. ಕೂರುವ ಕೆಲಸಕ್ಕೆ ಬೇಡ. ಒಮ್ಮೆ ನೆನೆದು ಒಣಗಿದ ರಟ್ಟು ನೋಡಲು ಚೆನ್ನಾಗಿಯೇ ಇರುತ್ತದೆ, ಒತ್ತಿದರೆ ಬೆರಳು ಇಳಿಯುತ್ತದೆ. ಅಂಥದ್ದನ್ನು ಅಂಗಡಿಯವನಿಗೇ ಬಿಡಿ. ಒಂದು ಪೆಟ್ಟಿಗೆಗೆ ಸುಮಾರು 25 ಚದರಡಿ ರಟ್ಟು ಬೇಕು. ದೊಡ್ಡ ಫ್ರಿಜ್ಜಿನ ಒಂದು ಡಬ್ಬದಲ್ಲಿ ಒಂದು ಪೆಟ್ಟಿಗೆ ಆಗಿ ಇನ್ನಷ್ಟು ಉಳಿಯುತ್ತದೆ.

ಅಲೆಯ ದಿಕ್ಕು

ಇಡೀ ಕೆಲಸದ ಗುಟ್ಟು ಇಲ್ಲಿದೆ. ರಟ್ಟಿನ ಒಂದು ಅಂಚನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಒಂದು ಬದಿಯಲ್ಲಿ ಸಾಲು ಸಾಲು ತೂತುಗಳು ಕಾಣುತ್ತವೆ, ಪಕ್ಕದ ಬದಿಯಲ್ಲಿ ಕಾಣುವುದಿಲ್ಲ. ತೂತುಗಳೆಂದರೆ ಅಲೆಗಳು ಮಾಡಿದ ಕೊಳವೆಗಳ ಬಾಯಿ. ಕೊಳವೆಗಳು ನೆಟ್ಟಗೆ ನಿಂತಾಗ ರಟ್ಟು ಭಾರ ಹೊರುತ್ತದೆ. ಅಡ್ಡ ಮಲಗಿದಾಗ ಅದೇ ಭಾರಕ್ಕೆ ಬೇಗ ಸೋಲುತ್ತದೆ. ಅಂಗೈ ಅಗಲದ ಎರಡು ತುಂಡನ್ನು ಎರಡೂ ರೀತಿ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿದರೆ ಕೈಗೇ ತಿಳಿಯುತ್ತದೆ.

ನಮ್ಮ ಪೆಟ್ಟಿಗೆಯೋ ಒಮ್ಮೆ ನಿಲ್ಲುವುದು, ಒಮ್ಮೆ ಮಲಗುವುದು. ಹಾಗಾಗಿ ಪ್ರತಿ ಹಲಗೆಯನ್ನೂ ಎರಡು ರಟ್ಟು ಸೇರಿಸಿ ಮಾಡಬೇಕು: ಒಂದರ ಕೊಳವೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಪ್ಲೈವುಡ್ ಮಾಡುವವರು ಮರದ ಎಳೆಯನ್ನು ಅಡ್ಡಡ್ಡ ಇಡುವುದೂ ಇದೇ ಕಾರಣಕ್ಕೆ. ಎರಡು ಐದು ಪ್ಲೈ ಸೇರಿದರೆ ಸುಮಾರು ಅರ್ಧ ಅಂಗುಲ ದಪ್ಪವಾಗುತ್ತದೆ.

ಕತ್ತರಿಸುವುದು, ಅಂಟಿಸುವುದು

ಬೇಕಾದ ಹಲಗೆಗಳು ಹತ್ತು: ಪಕ್ಕಗಳಿಗೆ 12×17 ಅಂಗುಲದ ಎರಡು, 11×17 ಅಂಗುಲದ ಎರಡು, ಮೇಲೆ ಕೆಳಗೆ ಮುಚ್ಚಲು 12×12 ಅಂಗುಲದ ಎರಡು, ಒಳಗಿನ ಅಡ್ಡಗೋಡೆಗಳಿಗೆ 11×17 ಅಂಗುಲದ ನಾಲ್ಕು. ಪ್ರತಿಯೊಂದಕ್ಕೂ ಎರಡು ಪದರ ಎಂದರೆ ಇಪ್ಪತ್ತು ತುಂಡು. ಉಕ್ಕಿನ ಸ್ಕೇಲು ಒತ್ತಿ ಹಿಡಿದು, ಹೊಸ ಬ್ಲೇಡಿನ ಕಟ್ಟರ್‌ನಿಂದ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಅಂಚಿನ ಕೊಳವೆ ಜಜ್ಜುತ್ತದೆ. ಜಜ್ಜಿದ ಅಂಚಿಗೆ ಶಕ್ತಿ ಇಲ್ಲ.

ಅಂಟಿಗೆ ಬಡಗಿಗಳು ಬಳಸುವ ಬಿಳಿ ಗೋಂದು ಆದೀತು. ಖರ್ಚು ಬೇಡವೆಂದರೆ ಮೈದಾ ಅಂಟು. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು, ಬಿಳುಪು ಹೋಗಿ ಮಿರುಗುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಅಂಟನ್ನು ಒಂದೇ ತುಂಡಿಗೆ ತೆಳ್ಳಗೆ ಬಳಿಯಿರಿ. ಹೆಚ್ಚಾದರೆ ರಟ್ಟು ನೀರು ಕುಡಿದು ಬಿಲ್ಲಿನಂತೆ ಬಾಗುತ್ತದೆ. ಜೋಡಿಸಿದ ಕೂಡಲೇ ಸಮತಟ್ಟಾದ ನೆಲದ ಮೇಲಿಟ್ಟು, ಮೇಲೆ ಹಲಗೆ, ಅದರ ಮೇಲೆ ಅಕ್ಕಿ ಮೂಟೆಯನ್ನೋ ನೀರು ತುಂಬಿದ ಕ್ಯಾನನ್ನೋ ಹೇರಿ. ಮಾರನೆಯ ದಿನ ತೆಗೆದು ಬಿಸಿಲಿಗೆ ಹಾಕಿ. ಕೆಲಸವನ್ನು ಬೇಸಗೆಯಲ್ಲಿ ಇಟ್ಟುಕೊಳ್ಳಿ ಎನ್ನುವುದೂ ಇದಕ್ಕಾಗಿಯೇ. ಆಷಾಢದಲ್ಲಿ ಅಂಟಿಸಿದ್ದು ಒಣಗುವ ಮೊದಲೇ ಬೂಸು ಹಿಡಿಯುತ್ತದೆ.

ಒಳಗಿನ ಚೌಕಳಿ

ಅಡ್ಡಗೋಡೆಯ ನಾಲ್ಕು ಹಲಗೆಗಳಲ್ಲಿ 11 ಅಂಗುಲದ ಅಗಲವನ್ನು ಮೂರು ಸಮಪಾಲು ಮಾಡಿ ಎರಡು ಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೂ ಒಂದು ತುದಿಯಿಂದ ಎಂಟೂವರೆ ಅಂಗುಲದವರೆಗೆ, ಅಂದರೆ ಸರಿಯಾಗಿ ಅರ್ಧ ಉದ್ದಕ್ಕೆ, ಗಾಡಿ (ಇನ್ನೊಂದು ಹಲಗೆ ಇಳಿಯುವ ಸೀಳು) ಕೊರೆಯಿರಿ. ಗಾಡಿಯ ಅಗಲ ನಿಮ್ಮ ಹಲಗೆಯ ದಪ್ಪಕ್ಕಿಂತ ಕೂದಲೆಳೆ ಕಡಿಮೆ ಇರಲಿ. ಸಡಿಲವಾದರೆ ಪೆಟ್ಟಿಗೆ ಓಲಾಡುತ್ತದೆ. ಎರಡು ಹಲಗೆಗಳ ಗಾಡಿ ಮೇಲ್ಮುಖವಾಗಿ, ಇನ್ನೆರಡರದು ಕೆಳಮುಖವಾಗಿ ಹಿಡಿದು ಒಂದರೊಳಗೊಂದು ಇಳಿಸಿದರೆ ಒಂಬತ್ತು ಮನೆಗಳ ಚೌಕಳಿ ಸಿದ್ಧ. ಅದಕ್ಕೆ ನಾಲ್ಕು ಪಕ್ಕಗಳನ್ನು ಅಂಟಿಸಿ, ಒಣಗುವವರೆಗೆ ಹಗ್ಗ ಸುತ್ತಿ ಬಿಗಿಯಿರಿ. ಆಮೇಲೆ ಮೇಲೆ ಕೆಳಗೆ ಮುಚ್ಚಿ.

ಬಟ್ಟೆ, ಪುಸ್ತಕ ಇಡಲು ಬೇಕಾದ ಪೆಟ್ಟಿಗೆಗೆ ಚೌಕಳಿಯನ್ನೂ ಒಂದು ಮುಚ್ಚಳವನ್ನೂ ಬಿಟ್ಟರಾಯಿತು. ಅದರ ಮೇಲೆ ಮಾತ್ರ ಯಾರೂ ಕೂರಬಾರದು. ಗುರುತಿಗೆ ಬೇರೆ ಬಣ್ಣ ಬಳಿಯಿರಿ, ನೆಂಟರಿಗೆ ಪ್ರತಿ ಸಲ ವಿವರಿಸುವುದು ಯಾರಿಂದಾದೀತು?

ಕಾಗದದ ಚರ್ಮ, ಮೆಂತ್ಯದ ಗಿಲಾವು

ಹೊರಮೈಗೆ ಹಳೆಯ ಪತ್ರಿಕೆಯ ಪಟ್ಟಿಗಳನ್ನು ಅಂಟಿಸಬೇಕು. ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಬೇಡಿ, ಕೈಯಿಂದ ಹರಿಯಿರಿ. ಹರಿದ ಅಂಚಿನಲ್ಲಿ ಎಳೆಗಳು ಬಿಡಿಸಿಕೊಂಡು ಕೆಳಗಿನ ಪದರದೊಂದಿಗೆ ಬೆರೆತುಹೋಗುತ್ತವೆ, ಮೇಲೆ ಏಣು ಕಾಣುವುದಿಲ್ಲ. ಪತ್ರಿಕೆ ಮೇಲಿನಿಂದ ಕೆಳಕ್ಕೆ ಹರಿದರೆ ನೇರ ಬರುತ್ತದೆ, ಅಡ್ಡಕ್ಕೆ ಹರಿದರೆ ಹಟ ಮಾಡುತ್ತದೆ. ಕಾಗದಕ್ಕೂ ಮರದಂತೆ ಎಳೆಯ ದಿಕ್ಕಿದೆ. ಮೂರು ಪದರ ಸಾಕು, ಒಂದರ ಮೇಲೊಂದು ಅಡ್ಡಡ್ಡ. ನುಣುಪಾದ ಹೊಳಪು ಕಾಗದ ಅಂಟನ್ನು ಹೀರುವುದಿಲ್ಲ, ಬಿಟ್ಟುಬಿಡಿ.

ಮೂಲೆಗಳಿಗೂ ಸಂದುಗಳಿಗೂ ನಮ್ಮ ಅಜ್ಜಿಯರ ವಿದ್ಯೆ ಬೇಕು. ಬಿದಿರಿನ ಮೊರ, ಬುಟ್ಟಿ ಹಳೆಯದಾದಾಗ ನೆನೆಸಿದ ಕಾಗದವನ್ನು ಮೆಂತ್ಯದೊಂದಿಗೆ ರುಬ್ಬಿ ಮೆತ್ತುತ್ತಿದ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಮೆಂತ್ಯದ ಲೋಳೆ ಅಂಟಾಗುತ್ತದೆ, ಅದರ ಕಹಿ ಹುಳಕ್ಕೆ ಒಗ್ಗದು ಎಂಬುದು ಹಿರಿಯರ ನಂಬಿಕೆ. ಕಾಗದವನ್ನು ಚೂರು ಮಾಡಿ ಎರಡು ದಿನ ನೆನೆಸಿ, ಹಿಂಡಿ. ರಾತ್ರಿ ನೆನೆಸಿದ ಮೆಂತ್ಯವನ್ನು ನುಣ್ಣಗೆ ಅರೆದುಕೊಳ್ಳಿ. ನಾಲ್ಕು ಮುಷ್ಟಿ ಕಾಗದಕ್ಕೆ ಒಂದು ಮುಷ್ಟಿ ಮೆಂತ್ಯ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಕೈಯಿಂದ ತೆಳುವಾಗಿ ಸವರಿ. ದಪ್ಪ ಮೆತ್ತಿದರೆ ಒಣಗುವಾಗ ಬಿರಿಯುತ್ತದೆ. ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ.

ನೀರು, ಬೆಂಕಿ, ಗೆದ್ದಲು

ಮೇಲ್ಪದರಕ್ಕೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಷ್ ಎರಡು ಮೂರು ಸಲ ಬಳಿಯಿರಿ. ಚನ್ನಪಟ್ಟಣದ ಬೊಂಬೆಗಳ ಮೆರುಗಿನ ಮೂಲವೂ ಅರಗೇ. ಇದು ತಟ್ಟನೆ ಚೆಲ್ಲಿದ ನೀರನ್ನು ತಡೆಯುತ್ತದೆ, ನಿಂತ ನೀರನ್ನಲ್ಲ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸುವ ಆಸೆ ಬೇಡ. ಒಳಗಿನ ತೇವ ಹೊರಬರದೆ ಬೂಸು ಬರುತ್ತದೆ, ಮುಂದೆ ಗುಜರಿಯವನೂ ಮುಟ್ಟುವುದಿಲ್ಲ.

ನಮ್ಮ ಮನೆಗಳಲ್ಲಿ ರಟ್ಟಿನ ದೊಡ್ಡ ಶತ್ರು ಮಳೆಯಲ್ಲ, ದಿನವೂ ನೆಲ ಒರೆಸುವ ಬಟ್ಟೆ. ಸವೆದ ಹವಾಯಿ ಚಪ್ಪಲಿಯನ್ನು ಬಿಲ್ಲೆಗಳಾಗಿ ಕತ್ತರಿಸಿ ಕಾಲು ಅಂಟಿಸಿ. ಪೆಟ್ಟಿಗೆ ನಿಲ್ಲುವುದೂ ಮಲಗುವುದೂ ಇರುವುದರಿಂದ ಎರಡು ಮುಖಕ್ಕೆ ನಾಲ್ಕು ನಾಲ್ಕು. ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಆ ಜಾಗದಲ್ಲಿ ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಆಗಲೇ ಗೊತ್ತಾಗುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಇಸ್ತ್ರಿ ಪೆಟ್ಟಿಗೆ ಇವುಗಳಿಂದ ದೂರವಿರಲೇಬೇಕು.

ಜೋಡಿಸುವುದು

ಮಂಚ ಮಾಡುವಾಗ ಪೆಟ್ಟಿಗೆಗಳು ಜಾರದಂತೆ ಸುತ್ತ ನವಾರ ಪಟ್ಟಿ ಬಿಗಿಯಿರಿ. ಮೇಜಿಗೆ ಎರಡು ಕಡೆ ಎರಡೆರಡು ಪೆಟ್ಟಿಗೆ ಪೇರಿಸಿ, ಅವನ್ನೂ ಪಟ್ಟಿಯಿಂದ ಕಟ್ಟಿ, ಮೇಲೆ ಹಳೆಯ ಬಾಗಿಲಿನ ಹಲಗೆ ಇಡಿ. ಲ್ಯಾಪ್‌ಟಾಪ್, ಪುಸ್ತಕಕ್ಕೆ ಅಡ್ಡಿಯಿಲ್ಲ; ಮಿಕ್ಸಿ, ಹೊಲಿಗೆ ಯಂತ್ರಕ್ಕೆ ಇದು ಸಲ್ಲದು. ಕೂರುವ ಪೆಟ್ಟಿಗೆಗೆ ಮಡಿಸಿದ ಕೌದಿ ಹಾಕಿದರೆ ಬೇರೆ ದಿಂಬು ಬೇಡ.

ಹನ್ನೆರಡನ್ನೂ ಒಮ್ಮೆಲೇ ಹಿಡಿಯಬೇಡಿ. ಒಂದನ್ನು ಮಾಡಿ, ಮನೆಯ ಹಗುರದವರು ಮೊದಲು, ಭಾರದವರು ಆಮೇಲೆ ಕೂತು ನೋಡಲಿ. ಮುಚ್ಚಳ ನಡುವೆ ತಗ್ಗಾದರೆ ಚೌಕಳಿ ಅದಕ್ಕೆ ತಾಗಿಲ್ಲವೆಂದು ಅರ್ಥ. ಬಿಚ್ಚಿ, ಅಂತರ ಇದ್ದಲ್ಲಿ ರಟ್ಟಿನ ಪಟ್ಟಿ ಕೊಟ್ಟು ಮತ್ತೆ ಮುಚ್ಚಿ. ಒಂದು ಮಳೆಗಾಲ ಅದನ್ನು ಬಳಸಿ ನೋಡಿ, ಉಳಿದವನ್ನು ಮುಂದಿನ ಬೇಸಗೆಗೆ ಇಟ್ಟುಕೊಳ್ಳಿ.