ಅಮೆಚೂರ್ ರಿಂಗ್‌ನಿಂದ ವಿಶ್ವ ಪಟ್ಟದವರೆಗೆ: ಬಾಕ್ಸರ್ ಯಾವಾಗ ಏನು ಕಲಿಯಬೇಕು

ಅಮೆಚೂರ್, ಅಂದರೆ ಹವ್ಯಾಸಿ ಪಂದ್ಯ ಎಂದರೆ ಮೂರು ನಿಮಿಷದ ಮೂರು ರೌಂಡ್. ವಿಶ್ವ ಪಟ್ಟದ ಪ್ರೊ (ವೃತ್ತಿಪರ) ಪಂದ್ಯಕ್ಕೆ ಹನ್ನೆರಡು ರೌಂಡ್. ಮಹಿಳೆಯರಿಗೆ ಸಾಮಾನ್ಯವಾಗಿ ಎರಡು ನಿಮಿಷದ ಹತ್ತು. ಒಂಬತ್ತು ನಿಮಿಷಕ್ಕೆ ಪಳಗಿದ ದೇಹವನ್ನು 36 ನಿಮಿಷಕ್ಕೆ ಒಗ್ಗಿಸಬೇಕು, ಅದೂ ಇನ್ನಷ್ಟು ತೆಳುವಾದ ಗ್ಲೌಸ್ ಎದುರು. ಪ್ರೊ ಬಾಕ್ಸಿಂಗ್‌ನಲ್ಲಿ ವೆಲ್ಟರ್‌ವೇಟ್‌ವರೆಗೆ, ಅಂದರೆ 147 ಪೌಂಡ್‌ವರೆಗೆ 8 ಔನ್ಸ್, ಅದರ ಮೇಲೆ 10 ಔನ್ಸ್.

ಹಾಗಂತ ಅಮೆಚೂರ್ ಹಂತವನ್ನು ಬೇಗ ಮುಗಿಸಲು ಹೋಗಬೇಡಿ. ಪ್ರೊ ಆದ ಮೇಲೆ ಎದುರಾಳಿಯನ್ನು ಆರಿಸಿ ತರುತ್ತಾರೆ. ಅಮೆಚೂರ್‌ನಲ್ಲಿ ಚೀಟಿ ಎತ್ತಿದಾಗ ಯಾರು ಬಂದರೂ ಆಡಲೇಬೇಕು. ಇವತ್ತು ಉದ್ದನೆಯ ಸೌತ್‌ಪಾ (ಎಡಗೈ ಬಾಕ್ಸರ್), ಎರಡು ದಿನ ಬಿಟ್ಟು ಮೈಮೇಲೆ ನುಗ್ಗುವ ಗಿಡ್ಡ. ಮೊದಲ ಒಂದು ನಿಮಿಷದಲ್ಲೇ ಎದುರಾಳಿಯ ದೂರ, ಲಯ ಅಳೆಯುವ ವಿದ್ಯೆ ಇಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗದು. ಟೂರ್ನಿಯಲ್ಲಿ ಪಂದ್ಯ ಇರುವ ದಿನವೇ ಬೆಳಿಗ್ಗೆ ತೂಕ ನೋಡುತ್ತಾರೆ. ಹಾಗಾಗಿ ನೀರು ಬಿಟ್ಟು ತೂಕ ಇಳಿಸುವ ಚಟ ಇಲ್ಲಿ ನಡೆಯುವುದಿಲ್ಲ. ಅದೂ ಒಳ್ಳೆಯದೇ.

ಪದಕ ಎಷ್ಟೇ ದೊಡ್ಡದಿರಲಿ, ಪ್ರೊ ಆಟ ಬೇರೆ ಕಸುಬು. ವಾಸಿಲ್ ಲೊಮಾಚೆಂಕೊ 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಎರಡನೇ ಪ್ರೊ ಪಂದ್ಯದಲ್ಲೇ, ಮಾರ್ಚ್ 2014ರಲ್ಲಿ, ವಿಶ್ವ ಪಟ್ಟಕ್ಕೆ ಇಳಿದು ಅನುಭವಿ ಒರ್ಲಾಂಡೊ ಸಲಿಡೊಗೆ ಸೋತರು. ಸಲಿಡೊ ಅಪ್ಪಿ ಹಿಡಿದು, ಸೊಂಟದ ಸುತ್ತ ಬಾರಿಸಿ, ಆಟವನ್ನೇ ಒರಟು ಮಾಡಿದರು. ನಾಲ್ಕು ತಿಂಗಳೊಳಗೇ ಲೊಮಾಚೆಂಕೊ ಪಟ್ಟ ಗೆದ್ದರು ನಿಜ, ಆದರೆ ಅಂಥ ಪ್ರತಿಭೆಯ ವೇಗವನ್ನು ಎಲ್ಲರೂ ನಕಲು ಮಾಡಲು ಹೊರಟರೆ ಕೆಟ್ಟಂತೆ.

ಮೊದಲು ಬದಲಾಗಬೇಕಾದ್ದು ಕಾಲು. ಅಮೆಚೂರ್ ಬಾಕ್ಸರ್ ತುದಿಗಾಲಲ್ಲಿ ಕುಣಿಯುತ್ತಾ ಒಳಗೆ ಬಂದು ನಾಲ್ಕೈದು ಪಂಚ್ ಹಾಕಿ ಹೊರಗೆ ಹೋಗುತ್ತಾನೆ. ಹನ್ನೆರಡು ರೌಂಡ್ ಹಾಗೇ ಕುಣಿದರೆ ಏಳನೆಯದರ ಹೊತ್ತಿಗೆ ಮೀನಖಂಡ ಕಲ್ಲಾಗಿರುತ್ತದೆ. ಹೆವಿ ಬ್ಯಾಗ್ ಮೇಲೆ ದಿನಕ್ಕೆ ಎರಡು ರೌಂಡ್ ಹೀಗೆ ಮಾಡಿ: ಒಮ್ಮೆಗೆ ಮೂರೇ ಪಂಚ್, ಪ್ರತಿ ಪಂಚಿಗೂ ಪಾದ ಊರಿ, ಸೊಂಟ ತಿರುಗಿಸಿ.

ಎರಡನೆಯದು ದೇಹಕ್ಕೆ ಹೊಡೆಯುವುದು. ಅದರಲ್ಲೂ ಲಿವರ್‌ಗೆ ಬೀಳುವ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಪಂಚ್. ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ಹಾಕಿ ಎದುರಾಳಿಯ ಕೈ ಮೇಲೆತ್ತಿಸಿ. ಎಡಗಾಲನ್ನು ಎಡಕ್ಕೆ ಅರ್ಧ ಹೆಜ್ಜೆ ಇಡಿ. ಮಂಡಿ ಬಗ್ಗಿಸಿ ಭಾರವನ್ನು ಎಡ ಸೊಂಟಕ್ಕೆ ತನ್ನಿ. ಮೊಣಕೈ ಮೈಗೆ ಹತ್ತಿರ ಇಟ್ಟುಕೊಂಡೇ ಅವನ ಬಲ ಪಕ್ಕೆಲುಬಿನ ಕೆಳ ಅಂಚಿಗೆ ಮುಷ್ಟಿ ನುಗ್ಗಿಸಿ. ಮಂಡಿಯ ಬದಲು ಬೆನ್ನು ಬಗ್ಗಿಸಿದರೆ ತಲೆ ಮುಂದೆ ಬಂದು, ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್‌ಗೆ ಸಿಗುತ್ತದೆ. ಜ್ಯಾಬ್ ಇಲ್ಲದೆ ಹಾಗೇ ಹಾಕಿದರೆ, ಗದ್ದ ಬಿಟ್ಟ ನಿಮ್ಮ ಎಡಗೈ ಮೇಲಿಂದ ಅವನ ಬಲಗೈ ನೇರ ಬರುತ್ತದೆ.

ಕೈಗೆ ಪಟ್ಟಿ ಸುತ್ತುವುದೂ ಬೇರೆ. ಪ್ರೊ ಪಂದ್ಯಕ್ಕೆ ಗಾಜ್ ಬಟ್ಟೆ ಮತ್ತು ಟೇಪ್ ಬಳಸುತ್ತಾರೆ, ಎದುರು ಪಾಳಯದವರು ನಿಂತು ನೋಡುತ್ತಾರೆ, ಅಧಿಕಾರಿ ಅದರ ಮೇಲೆ ಸಹಿ ಹಾಕುತ್ತಾರೆ. ಸುತ್ತುವಾಗ ಬೆರಳುಗಳನ್ನು ಪೂರ್ತಿ ಅಗಲಿಸಿರಬೇಕು. ಸಡಿಲ ಕೈಗೆ ಸುತ್ತಿದ ಪಟ್ಟಿ ಮುಷ್ಟಿ ಕಟ್ಟಿದಾಗ ಬಿಗಿಯುತ್ತದೆ. ಐದಾರು ರೌಂಡ್ ಕಳೆದು ಕೈ ಊದಿದಾಗ ಬೆರಳು ಜೋಮು ಹಿಡಿಯುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಒಂದು ಮಾತು. ಮ್ಯಾನೇಜರ್ ಕೆಲಸ ನಿಮಗೆ ಹೆಚ್ಚು ಹಣ ಕೊಡಿಸುವುದು. ಪಂದ್ಯ ಏರ್ಪಡಿಸುವ ಪ್ರಮೋಟರ್‌ಗೆ ಲಾಭ ಉಳಿಯುವುದು ನಿಮಗೆ ಕಡಿಮೆ ಕೊಟ್ಟಾಗ. ಒಬ್ಬನೇ ಎರಡೂ ಆಗಿದ್ದರೆ ನಿಮ್ಮ ಪರ ಯಾರೂ ಇಲ್ಲ ಎಂದೇ ಲೆಕ್ಕ. ಅಮೆರಿಕದಲ್ಲಿ ಇದನ್ನು ತಡೆಯಲೆಂದೇ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನ ಕಾಯ್ದೆ ತಂದರು. ರೂಢಿಯಂತೆ ನಿಮ್ಮ ಗಳಿಕೆಯಲ್ಲಿ ಟ್ರೇನರ್‌ಗೆ ಶೇ 10, ಮ್ಯಾನೇಜರ್‌ಗೆ ಹೆಚ್ಚೆಂದರೆ ಮೂರನೇ ಒಂದು ಭಾಗ. ಖರ್ಚು ಕಳೆಯುವ ಮೊದಲೋ ಆಮೇಲೋ ಎಂಬುದು ಬರವಣಿಗೆಯಲ್ಲಿರಲಿ.

ಮೊದಲ ಮೂರ್ನಾಲ್ಕು ಪಂದ್ಯ ನಾಲ್ಕು ರೌಂಡಿನವು, ಆಮೇಲೆ ಆರು, ಎಂಟು, ಹತ್ತು. ಹೆಚ್ಚಿನ ವೃತ್ತಿಜೀವನ ಹಾಳಾಗುವುದು ಈ ನಡುವಿನ ಹಂತದಲ್ಲಿ. ಎರಡನೇ ರೌಂಡಿಗೇ ಬೀಳುವವರನ್ನು ಹದಿನೈದು ಸಲ ತಂದು ಮಲಗಿಸಿದರೆ ದಾಖಲೆ ಚೆನ್ನಾಗಿ ಕಾಣುತ್ತದೆ, ಬಾಕ್ಸರ್ ಮಾತ್ರ ಕಲಿತಿರುವುದಿಲ್ಲ. ಹತ್ತನೇ ಪಂದ್ಯದೊಳಗೆ ಏಟು ತಿಂದೂ ಬೀಳದ ಒಬ್ಬ ಗಟ್ಟಿಗ, ಒಬ್ಬ ಸೌತ್‌ಪಾ, ಅಪ್ಪಿ ಹಿಡಿದು ಕಾಡುವ ಒಬ್ಬ ಹಳೇ ಹುಲಿ, ಮೂವರನ್ನೂ ಎದುರಿಸಿರಬೇಕು. ಒಂದು ಸೋಲಿಗೆ ಹೆದರಬೇಡಿ: ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ಮೊದಲ ಪಂದ್ಯವನ್ನೇ ಸೋತವರು, 48ನೇ ವಯಸ್ಸಿನಲ್ಲೂ ವಿಶ್ವ ಪಟ್ಟ ಗೆದ್ದರು.

ದೊಡ್ಡ ಪಂದ್ಯಕ್ಕೆ ಎಂಟರಿಂದ ಹತ್ತು ವಾರದ ತಯಾರಿ ಬೇಕು. ಸ್ಪಾರಿಂಗ್ (ಜೊತೆಗಾರನೊಂದಿಗೆ ಅಭ್ಯಾಸದ ಸೆಣಸು) 16 ಔನ್ಸ್ ಗ್ಲೌಸ್‌ನಲ್ಲಿ, ನಾಲ್ಕು ರೌಂಡಿನಿಂದ ಶುರುವಾಗಿ ಹತ್ತಕ್ಕೆ ಏರಲಿ. ಮೂರ್ನಾಲ್ಕು ರೌಂಡಿಗೊಮ್ಮೆ ದಣಿಯದ ಹೊಸ ಜೊತೆಗಾರ ಬರಲಿ. ಪಂದ್ಯಕ್ಕೆ ಎಂಟು ಹತ್ತು ದಿನ ಇರುವಾಗ ಸ್ಪಾರಿಂಗ್ ನಿಲ್ಲಿಸಿ.

ತೂಕದ ವಿಷಯಕ್ಕೆ ಬಂದರೆ, ಪ್ರೊ ಪಂದ್ಯದಲ್ಲಿ ಹಿಂದಿನ ದಿನ ತೂಗುತ್ತಾರೆ. ಈ ಒಂದು ದಿನದ ಆಸೆಗೆ ಐದಾರು ಕಿಲೋ ನೀರು ಇಳಿಸಿಕೊಂಡು ಬರುವವರಿದ್ದಾರೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಹೊಟ್ಟೆ ತುಂಬಬಹುದು, ಮೈಗೆ ನೀರು ಪೂರ್ತಿ ವಾಪಸ್ ಬರುವುದಿಲ್ಲ. ಕೊನೆಯ ರೌಂಡ್‌ಗಳಲ್ಲಿ ಕಾಲು ಕೈಕೊಡುತ್ತದೆ, ತಲೆಗೆ ಬೀಳುವ ಏಟಿನ ಅಪಾಯವೂ ಹೆಚ್ಚು. ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ, ಪಂದ್ಯಕ್ಕೆ 30 ದಿನ ಮೊದಲು ಮಿತಿಗಿಂತ ಶೇ 10, 7 ದಿನ ಮೊದಲು ಶೇ 5 ಮೀರಬಾರದು ಎನ್ನುತ್ತದೆ. ಪಟ್ಟದ ಪಂದ್ಯವಲ್ಲದಿದ್ದರೂ ಈ ಲೆಕ್ಕವನ್ನೇ ಪಾಲಿಸಿ. ವಾರಕ್ಕೆ ಮುಕ್ಕಾಲು ಕಿಲೋ ಇಳಿದರೆ ಸಾಕು. ಅದಕ್ಕೂ ಆಗದಿದ್ದರೆ ನಿಮ್ಮ ತೂಕದ ವರ್ಗವೇ ತಪ್ಪು, ಒಂದು ಮೇಲಕ್ಕೆ ಹೋಗಿ.

ವಿಶ್ವ ಪಟ್ಟ ಕೊಡುವ ಪ್ರಮುಖ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಯಾವುದಾದರೂ ಒಂದರ ಪ್ರಾದೇಶಿಕ ಬೆಲ್ಟ್ ಗೆದ್ದರೆ ಅದರ ಶ್ರೇಯಾಂಕದ ಮೊದಲ ಹದಿನೈದರೊಳಗೆ ಹೆಸರು ಬರುವ ದಾರಿ ಸುಲಭ. ಅಲ್ಲಿಂದ ಎರಡು ಹಾದಿ. ಚಾಂಪಿಯನ್ನೇ ನಿಮ್ಮನ್ನು ಸುಲಭದ ತುತ್ತೆಂದು ಆರಿಸಬಹುದು. ಆಗ ಹಣ ಕಡಿಮೆ, ಕರೆ ತಡವಾಗಿ ಬರುತ್ತದೆ, ಆರು ವಾರವೂ ಸಿಗದಿರಬಹುದು. ಇಲ್ಲವೇ ಎಲಿಮಿನೇಟರ್ (ಚಾಂಪಿಯನ್‌ನ ಮುಂದಿನ ಎದುರಾಳಿಯನ್ನು ನಿರ್ಧರಿಸುವ ಪಂದ್ಯ) ಗೆದ್ದು, ಚಾಂಪಿಯನ್ ಆಡಲೇಬೇಕಾದ ಕಡ್ಡಾಯ ಎದುರಾಳಿಯಾಗಬೇಕು. ಆಗ ಎರಡೂ ಕಡೆ ಒಪ್ಪಂದ ಕುದುರದಿದ್ದರೆ ಸಂಸ್ಥೆಯೇ ಪಂದ್ಯವನ್ನು ಹರಾಜಿಗಿಡುತ್ತದೆ, ಹೆಚ್ಚು ಕೂಗಿದ ಪ್ರಮೋಟರ್‌ಗೆ ಪಂದ್ಯ. ತಡವಾದರೂ ಎರಡನೇ ಹಾದಿಯೇ ಮೇಲು, ತಯಾರಿಗೆ ಸಮಯ ಸಿಗುತ್ತದೆ. ಬೆಲ್ಟ್ ಬಂದ ಮೇಲೆ ಪ್ರತಿ ಪಟ್ಟದ ಪಂದ್ಯದ ಗಳಿಕೆಯಲ್ಲೂ ಸಂಸ್ಥೆಯ ಶುಲ್ಕ ಕಟ್ಟಬೇಕು, ಸಾಮಾನ್ಯವಾಗಿ ಶೇ 3ರ ಆಸುಪಾಸು. ಕಡ್ಡಾಯ ಎದುರಾಳಿಯನ್ನು ತಪ್ಪಿಸುತ್ತಾ ಹೋದರೆ ರಿಂಗ್‌ಗೆ ಇಳಿಯದೆಯೇ ಪಟ್ಟ ಕೈತಪ್ಪುತ್ತದೆ.