ಕ್ರಿಯೋ ಅಸೆಂಬ್ಲಿ ಸಾಲಿಡ್‌ವರ್ಕ್ಸ್‌ಗೆ ತಂದ ನನ್ನ ಅನುಭವ

ಕಲಬುರಗಿಯ ಕಪನೂರಿನ ನಮ್ಮ ಶೆಡ್‌ನಲ್ಲಿ ಬೇಳೆ ಮಿಲ್‌ಗೆ ಬಕೆಟ್ ಎಲಿವೇಟರ್, ಗ್ರೇಡರ್ ಮಾಡುತ್ತೇವೆ. ಪುಣೆಯ ಪಾರ್ಟಿಯೊಂದು ಕ್ರಿಯೋ ಅನ್ನೋ ಕ್ಯಾಡ್ (ಕಂಪ್ಯೂಟರ್ ಡಿಸೈನ್) ಸಾಫ್ಟ್‌ವೇರ್‌ನಲ್ಲಿ ಮಾಡಿದ ಇಡೀ ಎಲಿವೇಟರಿನ ಫೈಲ್ ಕಳಿಸಿ, ಮೇಲ್ತುದಿಯ ಹೆಡ್ ಸೆಕ್ಷನ್ ಬದಲಿಸಿ ಕೊಡಿ ಅಂದಿತು. ನನ್ನ ಹತ್ತಿರ ಇರೋದು ಇನ್ನೊಂದು ಕ್ಯಾಡ್, ಹಳೇ ಸಾಲಿಡ್‌ವರ್ಕ್ಸ್, ಅವರ ಹೊಸ ಫೈಲನ್ನು ಸೀದಾ ತೆರೆಯಲ್ಲ. ಊರಲ್ಲಿ ಕ್ಯಾಡ್ ಗೊತ್ತಿದ್ದವರೆಲ್ಲ ಹೇಳಿದ್ದು ಒಂದೇ ಮಾತು: ಸುಮ್ನೆ ಹೊಸದಾಗಿ ಡ್ರಾ ಮಾಡಿ, ಇದು ಆಗೋ ಕೆಲಸ ಅಲ್ಲ.

ಮೊದಲು ಐಜಿಇಎಸ್‌ನಲ್ಲಿ ತರಿಸಿದೆ, ಅದು ಒಂದು ಕ್ಯಾಡ್‌ನಿಂದ ಇನ್ನೊಂದಕ್ಕೆ ಒಯ್ಯೋ ಹಳೇ ಫೈಲ್ ಬಗೆ. ಅದರ ಕೊನೇ ಆವೃತ್ತಿ 1996ರದ್ದು, ಇನ್ನೇನು ನಿರೀಕ್ಷೆ ಮಾಡೋದು? ಬರೀ ಸರ್ಫೇಸ್ (ಒಳಗೆ ಟೊಳ್ಳಾದ ಮೇಲ್ಮೈ) ಬಂತು, ಯಾವ ಪಾರ್ಟ್ ಯಾವುದರೊಳಗೆ ಅಂತ ತೋರಿಸೋ ಅಸೆಂಬ್ಲಿಯ ಗಿಡವೇ ಇಲ್ಲ. ಹೈದರಾಬಾದಿನ ಒಬ್ಬರು ಕನ್ವರ್ಟ್ ಮಾಡಿಕೊಡ್ತೀನಿ ಅಂತ ಸುಮಾರು 12 ಸಾವಿರ ತೆಗೆದುಕೊಂಡರು. ಬಂದದ್ದು ಎಲ್ಲ ಸೇರಿ ಒಂದೇ ಮುದ್ದೆ, ಬೇರಿಂಗ್ ಕೂಡ ಕೇಸಿಂಗ್‌ಗೆ ಅಂಟಿಕೊಂಡಿತ್ತು. ಟ್ರಾನ್ಸ್‌ಲೇಟರ್ ಸಾಫ್ಟ್‌ವೇರ್ ಕೊಳ್ಳೋಣ ಅಂದರೆ ವರ್ಷಕ್ಕೆ ಲಕ್ಷದ ಮೇಲೆ. ಅಷ್ಟರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವೆಲ್ಡಿಂಗ್ ಮಷೀನ್ ಬಂದು ಬಾಕಿ ಉಳಿಯುತ್ತೆ.

ಕೊನೆಗೆ ಅಂಥದ್ದೇ ಇನ್ನೊಂದು ಫೈಲ್ ಬಗೆ, ಸ್ಟೆಪ್ ಎಪಿ 214ರಲ್ಲಿ ಕೇಳಿದೆ. ಈಗ ಸಣ್ಣ ಬ್ರಾಕೆಟ್‌ಗಳೆಲ್ಲ ಶುದ್ಧ ಸಾಲಿಡ್. ಆದರೆ ಆರು ಮೀಟರ್ ಉದ್ದದ ಕೇಸಿಂಗ್ (ಹೊರಗವಚ) ಮಾತ್ರ ಅಂಚು ಕೂಡದೆ ಬಾಯಿ ಬಿಟ್ಟುಕೊಂಡು ಬಂತು. ಗಮನಿಸಿ, ದೊಡ್ಡದು ಮಾತ್ರ. ಕ್ರಿಯೋದ ಹಳೇ ಟೆಂಪ್ಲೇಟ್‌ಗಳಲ್ಲಿ ಅಕ್ಯುರಸಿ (ಲೆಕ್ಕದ ನಿಖರತೆ) ಮೊದಲಿಂದ ರಿಲೇಟಿವ್ 0.0012 ಇರುತ್ತೆ, ಅಂದರೆ ಪಾರ್ಟ್ ಎಷ್ಟು ದೊಡ್ಡದೋ ಅಷ್ಟು ಸಡಿಲ. ನಮ್ಮ ಸಾಲಿಡ್‌ವರ್ಕ್ಸ್‌ನೊಳಗೆ ಆಕಾರದ ಲೆಕ್ಕ ಮಾಡೋ ಪಾರಾಸಾಲಿಡ್ ಅದಕ್ಕಿಂತ ಎಷ್ಟೋ ಬಿಗಿ, ಅಷ್ಟು ಸಡಿಲ ಅಂಚಿಗೆ ಹೊಲಿಗೆ ಹಾಕಲ್ಲ. ಪುಣೆಯ ಹುಡುಗನಿಗೆ ಫೋನ್ ಹಚ್ಚಿ, "ತಮ್ಮಾ, ಅಬ್ಸಲ್ಯೂಟ್ 0.01ಕ್ಕೆ ಹಾಕಿ ರೀಜನರೇಟ್ ಮಾಡಿ ಕಳಿಸು" ಅಂದೆ. ಅಂದರೆ ಪಾರ್ಟ್ ಎಷ್ಟೇ ದೊಡ್ಡದಿರಲಿ ಅಳತೆ ಒಂದೇ, ಅದರಂತೆ ಮಾಡೆಲ್ ಮತ್ತೆ ಕಟ್ಟೋದು. ಆಗಲ್ಲ ಸಾರ್ ಅಂದ, ಮಾಡಿ ನೋಡಿದರೆ ಆಯ್ತು. ನಟ್ಟು ಬೋಲ್ಟಿನ ಥ್ರೆಡ್ಡನ್ನೂ ಸಪ್ರೆಸ್ ಮಾಡಿಸಿದೆ (ಮರೆಮಾಡಿಸಿದೆ), ಫೈಲ್ ಅರ್ಧಕ್ಕಿಂತ ಕಡಿಮೆ ಆಯ್ತು.

ಸ್ಟೆಪ್ ಅಂದರೆ ಬರೀ ಟೆಕ್ಸ್ಟ್ ಫೈಲ್ ಅಲ್ವಾ. ತೆರೆಯೋ ಮುಂಚೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಹಾಕಿ 'ನೆಕ್ಸ್ಟ್ ಅಸೆಂಬ್ಲಿ ಯೂಸೇಜ್ ಅಕರೆನ್ಸ್' ಸಾಲುಗಳನ್ನು ಎಣಿಸುತ್ತೇನೆ, ಯಾವ ಪಾರ್ಟ್ ಯಾವುದರೊಳಗೆ ಕೂತಿದೆ ಅಂತ ಹೇಳೋ ಸಾಲು ಅವು. ಫೈಲಿನಲ್ಲಿ ಆ ಪದಗಳು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್ ಇಟ್ಟು ಇರುತ್ತವೆ. ಬಿಓಎಂ (ಪಾರ್ಟುಗಳ ಪಟ್ಟಿ) ಜೊತೆ ತಾಳೆ ನೋಡುವಾಗ ಹುಷಾರು: ಎರಡು ಕಡೆ ಬಳಸಿದ ಸಬ್ ಅಸೆಂಬ್ಲಿಯ ಒಳಗಿನ ಬೋಲ್ಟು ಇಲ್ಲಿ ಒಂದೇ ಸಲ ಕಾಣುತ್ತೆ. ಆಮೇಲೆ ಪ್ರತಿ ಪಾರ್ಟಿನ ವಾಲ್ಯೂಮ್ ಅವರಿಂದ ತರಿಸಿ ಹೋಲಿಸುತ್ತೇನೆ.

ಪಾರ್ಟುಗಳನ್ನು ಒಂದಕ್ಕೊಂದು ಕೂಡಿಸೋ ಮೇಟ್ ಬರಲ್ಲ, ಅದಕ್ಕೆ ಅಳಬೇಡಿ. ಎಲ್ಲ ಫಿಕ್ಸ್ ಮಾಡಿ, ತಿರುಗೋ ಶಾಫ್ಟ್, ಪುಲ್ಲಿಗಷ್ಟೇ ಮೇಟ್ ಹಾಕಿದೆ. ಯಾವ ಸಬ್ ಅಸೆಂಬ್ಲಿ ಮೊದಲು ತೆರೀಬೇಕು, ಇಂಪೋರ್ಟ್‌ನಲ್ಲಿ ಯಾವ ಟಿಕ್ ತೆಗೀಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಸುಮ್ನೆ ಕುತೂಹಲಕ್ಕೆ ಮೊದಲು ಬಾಯಿ ಬಿಟ್ಟು ಬಂದ ಆ ಕೇಸಿಂಗನ್ನು ಪುಕ್ಕಟೆ ಸಿಗೋ ಫ್ರೀಕ್ಯಾಡ್‌ನಲ್ಲಿ ತೆರೆದು ಮತ್ತೆ ಸ್ಟೆಪ್ ಮಾಡಿದೆ. ಹೆಸರು ಉಳಿದವು, ಬಿರುಕೂ ಉಳಿಯಿತು. ಶೀಟ್ ಮೆಟಲ್‌ದು ಬೇರೆ ತಲೆನೋವು: ಬೆಂಡ್ ಆದ ಆಕಾರ ಬರುತ್ತೆ, ಬಿಚ್ಚಿದಾಗ ತಗಡು ಎಷ್ಟು ಉದ್ದ ಅಂತ ಲೆಕ್ಕ ಹಾಕೋಕೆ ಬೇಕಾದ ಕೆ ಫ್ಯಾಕ್ಟರ್ ಬರಲ್ಲ. ಲೇಸರ್ ಕಟಿಂಗ್‌ಗೆ ಕೊಡೋ ಮುಂಚೆ ನಮ್ಮ ಪ್ರೆಸ್ ಬ್ರೇಕಿನ (ತಗಡು ಮಡಿಸೋ ಮಷೀನಿನ) ಲೆಕ್ಕ ಹಾಕಿ ಮಾಡೆಲನ್ನು ಹೊಸದಾಗಿ ಚಪ್ಪಟೆಯಾಗಿ ಬಿಚ್ಚಿದೆ. 3 ಎಂಎಂ ತಗಡಿನ ಒಂದು ತುಂಡು ಮೊದಲು ಬೆಂಡ್ ಮಾಡಿ ಅಳೆದಿದ್ದೇ ಉಳಿಸಿತು.

ಹೊಸದಾಗಿ ಡ್ರಾ ಮಾಡಿದ್ದರೆ ತಿಂಗಳು ಹಿಡಿಯೋದು, ಒಂದು ವಾರದೊಳಗೆ ಮುಗೀತು. ಆಗಲ್ಲ ಅಂದವರೇ ಈಗ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಪರಿಚಯದವರಿಗೆ 3 ಸಾವಿರ, ಐಜಿಇಎಸ್ ತಂದರೆ ಡಬಲ್.