ಕ್ಯಾಮೆರಾಕ್ಕೆ ಚಸ್ಮಾ: ಮುಸುಕಿನ ಬಾವಿಯ ಮೆಟ್ಟಿಲು ಸಿಕ್ಕಿದ್ದು ಹೀಗೆ

ಗದಗ ಹತ್ತಿರದ ಲಕ್ಕುಂಡಿಯ ಹಳೇ ಮೆಟ್ಟಿಲುಬಾವಿ ಮುಸುಕಿನ ಬಾವಿಯ ಫೋಟೋ ಒಂದನ್ನು 12-18 ಇಂಚಿನ ಪ್ರಿಂಟ್ ಹಾಕಿಸಿ ನಮ್ಮ ಸ್ಟುಡಿಯೋ ಕಾಕಾನ ಟೇಬಲ್ ಮೇಲೆ ಇಟ್ಟೆ. ನೀರಲ್ಲಿ ಮುಳುಗಿದ ಮೂರು ಮೆಟ್ಟಿಲು ಅದರಲ್ಲಿ ಬೆರಳಿಟ್ಟು ಎಣಿಸುವಷ್ಟು ಸ್ಪಷ್ಟ ಕಾಣುತ್ತವೆ. ಕಾಕಾ ಪ್ರಿಂಟನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿದರು, ಓರೆ ಮಾಡಿದರು, ಮತ್ತೆ ನೋಡಿದರು. "ಯಾವ ಸಿಪಿಎಲ್ಲೋ ತಮ್ಮಾ ಇದು?" ಅಂದರು.

ಸಿಪಿಎಲ್ ಅಂದರೆ ನೀರು, ಗಾಜಿನ ಮೇಲಿನ ಹೊಳಪು ತಡೆಯಲು ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಪೋಲರೈಸಿಂಗ್ ಫಿಲ್ಟರ್. ಇದು ಅದಲ್ಲ. 280 ರೂಪಾಯಿಯ ಪೋಲರೈಸ್ಡ್ ಕೂಲಿಂಗ್ ಗ್ಲಾಸಿನ ಎಡಗಣ್ಣಿನ ಗಾಜು. ಕ್ಯಾಮೆರಾ ಕ್ಯಾನನ್ 1300ಡಿ, ಲೆನ್ಸ್ ಅದರ ಜೊತೆಗೇ ಬಂದ 18-55 ಎಂಎಂ ಜೂಮ್. ಐದಾರು ವರ್ಷದ ಹಿಂದೆ ಇದೇ ಕಾಕಾ "ಕ್ಯಾಮೆರಾಕ್ಕ ಚಸ್ಮಾ ಹಾಕ್ತೀಯೇನಲೇ? ಅದಕ್ಕೂ ಚಾಳೀಸ ಬಂತೇನು?" ಅಂತ ಅಂಗಡಿ ತುಂಬ ನಗಿಸಿದ್ದರು. ಗೆಳೆಯರೂ ಅಷ್ಟೇ. ಗಾಜು ಬಾಗಿರುತ್ತೆ, ಶಾರ್ಪ್ ಬರಲ್ಲ, ಸುಮ್ನೆ ದುಡ್ಡು ಹಾಳು ಅಂದಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಉಳಿದರ್ಧಕ್ಕೆ ದಾರಿ ಇದೆ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಮೊದಲು ದುಡ್ಡು ಹೋದ ಕಥೆ. ಶುರು ಮಾಡಿದ್ದು ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಫುಟ್‌ಪಾತ್ ಮೇಲೆ ಕೊಂಡ 80 ರೂಪಾಯಿಯ ಚಸ್ಮಾದಿಂದ. ಪೋಲರೈಸ್ಡ್ ಅಂತ ಸ್ಟಿಕ್ಕರ್ ಇತ್ತು. ಉಣಕಲ್ ಕೆರೆಯ ದಂಡೆಗೆ ಹೋಗಿ ಎಷ್ಟು ತಿರುಗಿಸಿದರೂ ನೀರಿನ ಹೊಳಪು ಕದಲಲಿಲ್ಲ. ಬರೀ ಬಣ್ಣ ಹಾಕಿದ ಪ್ಲಾಸ್ಟಿಕ್ ಅದು. ಸಿಟ್ಟಿಗೆದ್ದು ಆನ್‌ಲೈನ್‌ನಲ್ಲಿ 450 ಕೊಟ್ಟು ಸಿಪಿಎಲ್ಲನ್ನೇ ತರಿಸಿದೆ. ಅದೂ ಅದೇ ಜಾತಿ, ತಿರುಗುವ ರಿಂಗಿನೊಳಗೆ ಕಪ್ಪು ಗಾಜು. ವಾಪಸ್ ತಗೊಳ್ಳಲಿಲ್ಲ. ಆಮೇಲೆ 350ರದ್ದು ಒಂದು, 600ರದ್ದು ಒಂದು. ಅಂಟು, ಪೈಪು, ಪ್ರಿಂಟಿನ ಖರ್ಚು ಎಲ್ಲಾ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಗಿರಬೇಕು. ಆ ದುಡ್ಡಿಗೆ ಒಳ್ಳೇ ಸಿಪಿಎಲ್ ಬರುತ್ತಿತ್ತು ಅಂತೀರಿ. ಬರುತ್ತಿತ್ತು. ಆದರೆ ಈಗ ಯಾರಿಗಾದರೂ ಮಾಡಿಕೊಟ್ಟರೆ 300 ರೂಪಾಯಿ ಒಳಗೆ ಮುಗಿಯುತ್ತೆ, ನಾಲ್ಕು ಜನಕ್ಕೆ ಮಾಡಿಯೂ ಕೊಟ್ಟಿದ್ದೇನೆ.

ಅಂದಿನಿಂದ ಚಸ್ಮಾ ಕೊಳ್ಳಲು ಹೋದಾಗ ಜೇಬಲ್ಲಿ ಹಳೇ ಕ್ಯಾಲ್ಕುಲೇಟರ್ ಇರುತ್ತೆ. ಅದರ ಪರದೆ ಮುಂದೆ ಚಸ್ಮಾ ಹಿಡಿದು ನಿಧಾನ ತಿರುಗಿಸಬೇಕು. ಒಂದು ಕಡೆ ಬಂದಾಗ ಪರದೆ ಪೂರ್ತಿ ಕಪ್ಪಾಗಿ ಅಂಕಿ ಮಾಯವಾದರೆ ಅದು ನಿಜವಾದ ಮಾಲು. ಆಮೇಲೆ ಅಂಗಡಿಯ ಟ್ಯೂಬ್‌ಲೈಟ್ ಗಾಜಿನ ಮೇಲೆ ಹೇಗೆ ಬೀಳುತ್ತೆ ನೋಡುತ್ತೇನೆ. ಪಟ್ಟಿ ನೆಟ್ಟಗೆ ಕಂಡರೆ ಗಾಜು ಸಪಾಟು, ಬಿಲ್ಲಿನ ಹಾಗೆ ಬಾಗಿದರೆ ಬೇಡ. ಬೈಕಿನವರು ಹಾಕುವ, ಕಿವಿತನಕ ಸುತ್ತಿಕೊಳ್ಳುವ ಡಿಸೈನು ಕ್ಯಾಮೆರಾಕ್ಕೆ ಪೂರ್ತಿ ದಂಡ. ಹಳೇ ಕಾಲದ ಚೌಕ ಫ್ರೇಮಿನವು ಒಳ್ಳೆಯವು. ಬಣ್ಣ ಬೂದಿಯೇ ಇರಲಿ. ನನಗೆ ಸಪಾಟು ಗಾಜು ಸಿಗುವ ಅಂಗಡಿ ಗದಗಿನಲ್ಲಿದೆ. ಯಾವುದು ಅಂತ ಮಾತ್ರ ಕೇಳಬೇಡಿ, ಅವನ ಹತ್ತಿರ ಉಳಿದಿರುವುದೇ ಹತ್ತೋ ಹನ್ನೆರಡೋ.

ಕಂದು ಬಣ್ಣದ ಗಾಜಿನಿಂದ ಪಾಠ ಕಲಿತದ್ದು ಬ್ಯಾಡಗಿಯಲ್ಲಿ. ಸೀಸನ್ನಿನಲ್ಲಿ ಮೆಣಸಿನಕಾಯಿ ರಾಶಿ ತೆಗೆಯಲು ಹೋಗಿದ್ದೆ. ಸುಕ್ಕು ಸುಕ್ಕಾದ ಕಾಯಿ, ಒಂದೊಂದು ಸುಕ್ಕಿನ ಮೇಲೂ ಬಿಸಿಲಿನ ಬಿಳೀ ಗೆರೆ. ಗಾಜು ತಿರುಗಿಸಿದ ಹಾಗೆ ಆ ಬಿಳೀ ಗೆರೆಗಳು ಅಳಿಸುತ್ತಾ ಹೋಗಿ ಒಳಗಿನ ಕಡುಗೆಂಪು ಎದ್ದು ಬಂತು. ಕುಣಿದಾಡುವ ಹಾಗಾಯಿತು. ಮನೆಗೆ ಬಂದು ನೋಡಿದರೆ ಚೀಲ, ಹಮಾಲರ ಅಂಗಿ, ಆಕಾಶ ಎಲ್ಲಾ ಚಹಾದಲ್ಲಿ ಅದ್ದಿದ ಹಾಗೆ. ಜೆಪೆಗ್‌ನಲ್ಲಿ ತೆಗೆದಿದ್ದೆ, ಸರಿ ಮಾಡಲು ಆಗಲಿಲ್ಲ. ಈಗ ಯಾವ ಗಾಜೇ ಇರಲಿ, ಮೊದಲು ಅದರ ಮೂಲಕವೇ ಒಂದು ಬಿಳೀ ಹಾಳೆಯ ಫೋಟೋ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ ಇಟ್ಟುಕೊಳ್ಳುತ್ತೇನೆ, ಅಂದರೆ ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ಹೇಳಿಕೊಡುತ್ತೇನೆ. ಆಮೇಲೆ ಬಣ್ಣ ಸರಿ ಮಾಡಲು ಬರುವ ರಾ ಫೈಲ್ ಅಂತೂ ಬೇಕೇ ಬೇಕು.

ಕೈಯಲ್ಲಿ ಹಿಡಿದು ತೆಗೆದರೆ ಇನ್ನೊಂದು ಕಾಟ. ಗಾಜಿನ ಹಿಂಬದಿಯಲ್ಲಿ ನಮ್ಮದೇ ಅಂಗಿ, ಲೆನ್ಸ್ ಮೇಲಿನ ಬಿಳೀ ಅಕ್ಷರ ಎಲ್ಲಾ ಪ್ರತಿಫಲಿಸಿ ಫೋಟೋದೊಳಗೆ ಬಂದುಬಿಡುತ್ತವೆ. ಅದಕ್ಕೇ ಪೈಪು. ಮನೆಯ ನಳದ ಕೆಲಸದಲ್ಲಿ ಉಳಿದಿದ್ದ 75 ಎಂಎಂ ಪಿವಿಸಿ ಪೈಪಿನ ಎರಡು ಇಂಚಿನ ತುಂಡು, ಒಳಗೆ ಕಪ್ಪು ಮಖಮಲ್ಲಿನ ಪಟ್ಟಿ. 18-55ರ ಮೂತಿಗೆ ಟೊಪ್ಪಿಗೆ ಹಾಗೆ ಕೂರುತ್ತೆ, ಬೇಕಾದ ಕಡೆ ತಿರುಗುತ್ತೆ. ಈ ಲೆನ್ಸಿನ ಮೂತಿ ಫೋಕಸ್ ಆಗುವಾಗ ತಾನೂ ತಿರುಗುತ್ತೆ ಅಲ್ವಾ, ಹಾಗಾಗಿ ಮೊದಲು ಫೋಕಸ್, ಆಮೇಲೆ ಪೈಪು.

ಗಾಜು ಬಿಡಿಸುವಾಗ ಒಂದು ಹಾಳಾಯಿತು. ಫ್ರೇಮ್ ಮೆತ್ತಗಾಗಲಿ ಅಂತ ಬಿಸಿನೀರಿನಲ್ಲಿ ಅದ್ದಿದ್ದೆ. ಒಳಗಿನ ಪೋಲರೈಸಿಂಗ್ ಪದರ ಅಂಚಿನಲ್ಲಿ ಹಪ್ಪಳದ ಹಾಗೆ ಉಬ್ಬಿತು. ಇನ್ನೊಂದನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದೆ, ಬೆಳಿಗ್ಗೆ ನೋಡಿದರೆ ಅದರ ಹೊಗೆ ಕೂತು ಗಾಜಿನ ಮೇಲೆಲ್ಲಾ ಬಿಳೀ ಪೊರೆ. ಈಗ ಅಂಟಿಸುವುದು ಬೇರೆ ಸಾಮಾನಿನಿಂದ, ಬೇಕಾದಾಗ ಗಾಜು ಬಿಚ್ಚಲೂ ಬರುತ್ತೆ. ಎರಡು ಗಾಜು ಕಳಕೊಂಡು ಸಿಕ್ಕ ಉಪಾಯ, ಅದು ನನ್ನ ಹತ್ತಿರವೇ ಇರಲಿ.

ಶಾರ್ಪ್‌ನೆಸ್ ವಿಚಾರ. ಜೂಮನ್ನು ಅತಿ ಅಗಲದ 18 ಎಂಎಂಗೆ ಇಟ್ಟರೆ ಮೂಲೆ ನಾಲ್ಕೂ ಕಪ್ಪು, ಗಾಜು ಸಾಲುವುದಿಲ್ಲ. 28ರಿಂದ 40ರ ನಡುವೆ, ಲೆನ್ಸಿನ ಕಿಂಡಿ ಎಫ್ 8ಕ್ಕೆ ಇಟ್ಟರೆ ನನ್ನ ಕಣ್ಣಿಗೆ ಫಿಲ್ಟರ್ ಇಲ್ಲದ ಫೋಟೋಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಕಾಣಲ್ಲ. ದೂರದ್ದನ್ನು ಹತ್ತಿರ ತರುವ 55-250 ಲೆನ್ಸಿಗೆ ಹಿಡಿದು ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ತೆಗೆದದ್ದು ಮಾತ್ರ ದೊಡ್ಡ ತಪ್ಪು. ಚಳಿಗಾಲದ ಮುಂಜಾನೆ, ಸಾವಿರಾರು ಹಕ್ಕಿ, ಒಂದೂ ಫೋಟೋ ಬಳಸುವ ಹಾಗಿಲ್ಲ. ದೊಡ್ಡ ಲೆನ್ಸು ಗಾಜಿನ ಬಾಗನ್ನೆಲ್ಲಾ ಒಟ್ಟಿಗೇ ಹೀರುತ್ತೆ, ಎಲ್ಲಾ ಅಂಬಲಿ. ಅದರ ಮುಂದಿನ ವರ್ಷ, 2024ರಲ್ಲಿ, ಆ ಕೆರೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆಗ ಎಲ್ಲರೂ ಹಳೇ ಫೋಟೋ ಹುಡುಕಿ ತೆಗೆದರು. ನನ್ನ ಹತ್ತಿರ ಒಂದೂ ಇರಲಿಲ್ಲ, ಅದಿನ್ನೂ ಚುಚ್ಚುತ್ತೆ. ಮೊಬೈಲಿಗೆ ಮಾತ್ರ ಕಣ್ಣು ಮುಚ್ಚಿ ಹಿಡಿಯಿರಿ, ಅದರ ಲೆನ್ಸ್ ಅಷ್ಟು ಸಣ್ಣದು, ಬಾಗಿದ ಗಾಜೂ ನಡೆಯುತ್ತೆ.

ಇನ್ನು ಬಾವಿ. ಮೊದಲ ಸಲ ಹೋದಾಗ ಅಡ್ಡ ಫೋಟೋಗಳೆಲ್ಲಾ ಚೆನ್ನಾಗಿ ಬಂದವು, ಉದ್ದ ಫೋಟೋ ಒಂದರಲ್ಲೂ ನೀರಿನ ಹೊಳಪು ಹೋಗಿರಲಿಲ್ಲ. ಬಸ್ಸಲ್ಲಿ ಗದಗಿಗೆ ಬರುವ ತನಕ ತಲೆ ಕೆಡಿಸಿಕೊಂಡೆ. ಚಸ್ಮಾ ಮಾಡುವವರು ನಿಂತ ಮನುಷ್ಯನ ಕಣ್ಣಿಗೆ ಅಂತ ಗಾಜು ಕೂರಿಸಿರುತ್ತಾರೆ, ನೆಲದ ಮತ್ತು ನೀರಿನ ಹೊಳಪು ತಡೆಯಲಿ ಅಂತ. ಉದ್ದ ಫೋಟೋಕ್ಕೆ ಅಂತ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ನೆಟ್ಟಗೆ ಹಿಡಿದರೆ ಗಾಜೂ ಅದರ ಜೊತೆ ಮಲಗಿಬಿಡುತ್ತೆ! ಪೈಪನ್ನು ಕಾಲು ಸುತ್ತು ವಾಪಸ್ ತಿರುಗಿಸಬೇಕು, ಅಷ್ಟೇ. ಈಗ ಪೈಪಿನ ಮೇಲೆ ಬಿಳೀ ಪೇಂಟಿನ ಎರಡು ಚುಕ್ಕಿ ಇವೆ, ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು.

ಎರಡನೇ ಸಲ ಮಳೆ ನಿಂತ ಮೇಲೆ ಹೋದೆ, ನೀರು ತಿಳಿಯಾಗಿತ್ತು. ಮೇಲೆ ನಿಂತು ನೇರ ಕೆಳಗೆ ನೋಡಿದರೆ ಏನೂ ಆಗಲ್ಲ. ನೋಟ ನೀರಿಗೆ ಸುಮಾರು 37 ಡಿಗ್ರಿ ಓರೆಯಾಗಿ ಬೀಳಬೇಕು. ಒಂದೊಂದೇ ಮೆಟ್ಟಿಲು ಇಳಿದು, ಕೂತು, ತಿರುಗಿಸಿ ನೋಡುತ್ತಾ ಹೋದೆ. ಒಂದು ಮೆಟ್ಟಿಲಲ್ಲಿ ಕೂತಾಗ ಆಕಾಶದ ಬಿಳುಪು ನೀರಿನ ಮೇಲಿಂದ ಪರದೆ ಸರಿದ ಹಾಗೆ ಸರಿಯಿತು. ಕೆಳಗೆ ಹಸಿರು ಪಾಚಿ ಹಿಡಿದ ಕಲ್ಲಿನ ಅಂಚು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಕೈ ನಡುಗಿತು. ಗಾಜು ಇಲ್ಲದೆ 1/500 ಸೆಕೆಂಡ್ ಇದ್ದ ಶಟರ್ ವೇಗ ಗಾಜು ಹಾಕಿದ ಮೇಲೆ 1/80ರ ಹತ್ತಿರ ಇಳಿದಿತ್ತು, ಮೊಣಕೈಯನ್ನು ಮೊಣಕಾಲಿಗೆ ಊರಿ ಹನ್ನೆರಡು ಫೋಟೋ ತೆಗೆದೆ. ಲೈವ್ ವ್ಯೂನಲ್ಲೇ, ಅಂದರೆ ಕ್ಯಾಮೆರಾ ಹಿಂದಿನ ಪರದೆ ನೋಡುತ್ತಲೇ ತೆಗೆಯಿರಿ. ಇದು ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಅಲ್ಲ, ಲೀನಿಯರ್ ಪೋಲರೈಸರ್. ವ್ಯೂಫೈಂಡರಿನಿಂದ ತೆಗೆದರೆ ಒಳಗಿನ ಕನ್ನಡಿಯಿಂದಾಗಿ ಮೀಟರೂ ಫೋಕಸೂ ಎಡವಬಹುದು.

ಅಲ್ಲೇ ಕಾಶಿವಿಶ್ವನಾಥ ಗುಡಿಯ ಕಂಬಗಳ ಮೇಲೂ ಹಿಡಿದೆ. ನುಣುಪಾದ ಕಲ್ಲಿನ ಹೊಳಪು ಇಳಿದು ಕೆತ್ತನೆ ಎದ್ದು ಬಂತು. ಆದರೆ ಹುಬ್ಬಳ್ಳಿಯ ಪಾತ್ರೆ ಅಂಗಡಿಯ ಸ್ಟೀಲಿನ ಮೇಲೆ ಏನೂ ನಡೆಯಲಿಲ್ಲ. ಲೋಹದ ಹೊಳಪಿಗೆ ಇದು ಬಗ್ಗಲ್ಲ.

ನಡುವೆ ಬೇರೆ ಆಟಗಳೂ ನಡೆದವು. ಮೇಲೆ ಕಪ್ಪು, ಕೆಳಗೆ ತಿಳಿ ಇರುವ ಲೇಡೀಸ್ ಚಸ್ಮಾ ಇರುತ್ತಲ್ಲ, ಅದನ್ನು ಮೊಬೈಲಿಗೆ ಹಿಡಿದು ನೃಪತುಂಗ ಬೆಟ್ಟದಿಂದ ಸಂಜೆ ಊರು ತೆಗೆದೆ. ಆಕಾಶ ಸುಡಲಿಲ್ಲ, ಕೆಳಗಿನ ಮನೆಗಳೂ ಕಂಡವು. ಅಕ್ಕನ ಚಸ್ಮಾ ಅದು, ಇನ್ನೂ ವಾಪಸ್ ಕೊಟ್ಟಿಲ್ಲ. ರಾತ್ರಿ ಡ್ರೈವಿಂಗ್‌ಗೆ ಅಂತ ಮಾರುವ ಹಳದಿ ಗಾಜು ಹಾಕಿ ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ತೆಗೆದು ಕಪ್ಪು-ಬಿಳುಪು ಮಾಡಿದೆ, ಮೋಡ ಸ್ವಲ್ಪ ಎದ್ದು ಬಂದವು. ಎರಡು ಪೋಲರೈಸ್ಡ್ ಗಾಜು ಒಂದರ ಮೇಲೊಂದು ಇಟ್ಟು ಎನ್‌ಡಿ (ಬರೀ ಬೆಳಕು ಕಡಿಮೆ ಮಾಡುವ ಫಿಲ್ಟರ್) ಮಾಡಲು ಹೋದರೆ ಎಲ್ಲಾ ನೇರಳೆ, ಅದನ್ನು ಕೈಬಿಟ್ಟೆ. ಮಗಳಿಗೆ ಮಾತ್ರ ಒಂದು ಆಟ ಸಿಕ್ಕಿತು. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳೀ ಪರದೆ ಇಟ್ಟು, ಮುಂದೆ ಅವಳ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಚಸ್ಮಾದ ಗಾಜಿನಿಂದ ನೋಡಿದರೆ ಸ್ಕೇಲಿನೊಳಗೆ ಕಾಮನಬಿಲ್ಲು ಹರಿಯುತ್ತೆ. ಅದರ ಒಂದು ಸೀರೀಸ್ ತೆಗೆಯುತ್ತಿದ್ದೇನೆ.

ಒಂದು ಎಚ್ಚರಿಕೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಗೆಳೆಯನೊಬ್ಬ ನನ್ನ ಗಾಜುಗಳನ್ನೇ ಎರಡು-ಮೂರು ಜೋಡಿಸಿ ಸೂರ್ಯನ ಕಡೆ ಹಿಡಿಯಲು ಹೊರಟಿದ್ದ. ಕಿತ್ತುಕೊಂಡೆ. ಕೂಲಿಂಗ್ ಗ್ಲಾಸ್ ಎಷ್ಟು ಜೋಡಿಸಿದರೂ ಸೂರ್ಯನಿಗೆ ಸಾಲದು, ಕಣ್ಣೂ ಹೋಗುತ್ತೆ, ಸೆನ್ಸರೂ ಹೋಗುತ್ತೆ. ಆ ದಿನ ನಾವು ನೋಡಿದ್ದು 14 ನಂಬರಿನ ವೆಲ್ಡಿಂಗ್ ಗಾಜಿನಿಂದ.

ಕಾಕಾ ಪ್ರಿಂಟ್ ವಾಪಸ್ ಕೊಡಲಿಲ್ಲ. ಅಂಗಡಿಯ ಗೋಡೆಗೆ ಹಾಕಿಕೊಂಡಿದ್ದಾರೆ. ಹೋಗುವಾಗ ಬಾಗಿಲ ತನಕ ಬಂದು, "ನನ್ನ ಮೊಬೈಲಿಗೂ ಒಂದು ಮಾಡಿಕೊಡಪಾ" ಅಂದರು. ಅದೇ ಚಸ್ಮಾದ ಬಲಗಣ್ಣಿನ ಗಾಜು ಅವರಿಗೇ ಅಂತ ತೆಗೆದಿಟ್ಟಿದ್ದೇನೆ.